ಗರ್ಟಿ ಆಂಟಿಯ ಸಂಜೆ ಪತ್ರಿಕೆ

ನಾಟಿಂಗ್‌ಹ್ಯಾಮಿನ ರಾಡ್‌ಫರ್ಡಿನಲ್ಲಿ ನಾವಿದ್ದ ವಠಾರದ ಎಂಟು ಮನೆಗೆ ಒಂದು ನಲ್ಲಿ, ನಾಲ್ಕು ಕಕ್ಕಸು, ಬಟ್ಟೆ ಒಗೆಯಲು ಒಂದು ಕೋಣೆ, ಮತ್ತೆ ಒಂದು ಸಂಜೆ ಪತ್ರಿಕೆ. ಪತ್ರಿಕೆಯನ್ನು ಐದು ಗಂಟೆಗೆ ಮೂಲೆಯಂಗಡಿಯಿಂದ ತರುತ್ತಿದ್ದವಳು ಗರ್ಟಿ ವ್ಯಾಗ್‌ಸ್ಟಾಫ್. ಗಂಡಸರು ಕೆಲಸದಿಂದ ಬಂದ ಮೇಲೆ ಫುಟ್‌ಬಾಲಿನ ಸುದ್ದಿಗೆಂದು, ರೇಸಿನ ಕುದುರೆಗಳ ಹೆಸರಿಗೆಂದು ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಚೌಕ ಚೌಕವಾಗಿ ಕತ್ತರಿಸಿಕೊಂಡು, ಒರೆಸಿಕೊಳ್ಳುವ ಕಾಗದವಾಗಿ ಕಕ್ಕಸಿನ ಮೊಳೆಗೆ ನೇತುಬೀಳುತ್ತಿತ್ತು. ಆದರೆ ವಠಾರದ ಯಾವುದಾದರೂ ಮಗು ಜ್ವರದ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅದೇ ಪತ್ರಿಕೆಯ ಮುಖ ನೋಡುವ ಧೈರ್ಯ ಯಾವ ಹೆಂಗಸಿಗೂ ಇರುತ್ತಿರಲಿಲ್ಲ.

ಕೊನೆಯ ಪುಟದ ಮೂಲೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಮೂರು ಸಾಲು ಅಂಕಿಗಳಿರುತ್ತಿದ್ದವು. ಮಗುವನ್ನು ಜ್ವರದ ಗಾಡಿಗೆ ಹತ್ತಿಸುವಾಗ ತಾಯಿಯ ಕೈಗೆ ಒಂದು ಚೀಟಿ ಕೊಡುತ್ತಿದ್ದರು. ಅಲ್ಲಿಂದ ಮುಂದೆ ಮಗುವಿಗೆ ಹೆಸರಿಲ್ಲ, ಬರೀ ಸಂಖ್ಯೆ. ಮೇಲಿನಿಂದ ಕೆಳಕ್ಕೆ, ಅಪಾಯದಲ್ಲಿರುವವರು ಒಂದು ಸಾಲು, ಇದ್ದ ಹಾಗೇ ಇರುವವರು ಒಂದು ಸಾಲು, ಚೇತರಿಸಿಕೊಳ್ಳುತ್ತಿರುವವರು ಒಂದು ಸಾಲು. ಸೋಂಕು ಹರಡಬಾರದೆಂದು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ಭಾನುವಾರ ಮಾತ್ರ ಕಿಟಕಿಯಾಚೆ ನಿಂತು ಕೈಬೀಸಬಹುದಿತ್ತು. ಮಗು ಅಪಾಯದ ಸಾಲಿಗೆ ಬಂದರೆ ಮಾತ್ರ ತಂದೆತಾಯಿಯನ್ನು ಒಳಗೆ ಬಿಡುತ್ತಿದ್ದರು.

ಆ ಸಂಖ್ಯೆಗಳನ್ನು ವಠಾರಕ್ಕೆಲ್ಲ ಓದಿ ಹೇಳುತ್ತಿದ್ದವಳು ಗರ್ಟಿ. ನಲ್ಲಿಯ ಪಕ್ಕದಲ್ಲಿ ನಿಂತು, ಪತ್ರಿಕೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬೆರಳಾಡಿಸುತ್ತ, "ಸ್ವಲ್ಪ ದೂರ ನಿಂತ್ಕೊಳ್ರಮ್ಮಾ, ಗಾಳಿ ಬಿಡಿ" ಎನ್ನುತ್ತಿದ್ದಳು. ಅವಳ ಬಾಯಿಂದ ಬಂದರೆ ಕೆಟ್ಟ ಸುದ್ದಿಯೂ ತಡೆದುಕೊಳ್ಳುವಂತಿರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಗರ್ಟಿ ವಿಧವೆ. ಐವತ್ತರ ಹತ್ತಿರ. ಉದ್ದ ಆಳು, ಆದರೆ ಲೇಸಿನ ಕೆಲಸ ಮಾಡಿ ಮಾಡಿ ಕುತ್ತಿಗೆ ಮುಂದಕ್ಕೆ ಬಾಗಿತ್ತು. ಕಾರ್ಖಾನೆಯಿಂದ ಬಂದ ಅಗಲವಾದ ಲೇಸಿನಲ್ಲಿ ಪಟ್ಟಿಪಟ್ಟಿಗಳನ್ನು ಜೋಡಿಸಿರುವ ದಾರವೊಂದಿರುತ್ತದೆ. ಆ ದಾರವನ್ನು ಎಳೆದುಬಿಟ್ಟರೆ ಪಟ್ಟಿಗಳು ಬೇರೆಬೇರೆಯಾಗುತ್ತವೆ. ಅದನ್ನೇ ಅವಳು ಮನೆಯಲ್ಲಿ ಕೂತು ಮಾಡುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾವು ಮಕ್ಕಳು ಅವಳ ಅಡುಗೆಮನೆಯ ನೆಲದ ಮೇಲೆ ಕೂತು ದಾರ ಎಳೆಯುತ್ತಿದ್ದೆವು. ಬ್ರೆಡ್ಡಿಗೆ ಹುರಿದ ಮಾಂಸದ ಕೊಬ್ಬು ಸವರಿ, ಮೇಲೆ ಉಪ್ಪು ಉದುರಿಸಿ ಕೊಡುತ್ತಿದ್ದಳು. ನನಗೀಗ ಎಂಬತ್ತು ದಾಟಿದೆ. ಎಷ್ಟೋ ಒಳ್ಳೆಯ ಊಟ ಉಂಡಿದ್ದೇನೆ. ಆ ಬ್ರೆಡ್ಡಿನ ರುಚಿ ಮಾತ್ರ ಮತ್ತೆ ಸಿಗಲಿಲ್ಲ.

ಅವಳಿಗೆ ಆಗಾಗ ಪತ್ರಗಳು ಬರುತ್ತಿದ್ದವು. ಡರ್ಬಿಯಲ್ಲಿ ಒಬ್ಬ ತಂಗಿಯಿದ್ದಳು. "ಐರಿಸ್, ಬಾ ಇಲ್ಲಿ, ಶಾಲೇಲಿ ಏನ್ ಕಲಿಸ್ತಾರೋ ನೋಡೋಣ. ಇದನ್ನ ತಡವರಿಸದೆ ಓದು" ಎಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಓದುತ್ತಿದ್ದೆ. "ಜಾಣೆ ಕಣೇ ನೀನು!" ಎಂದು ಕೆನ್ನೆ ಹಿಂಡುತ್ತಿದ್ದಳು. ನನಗೆ ಹೆಮ್ಮೆಯಾಗುತ್ತಿತ್ತು.

೧೯೩೭ರ ನವೆಂಬರ್ ತಿಂಗಳಲ್ಲಿ ಜ್ವರದ ಗಾಡಿ ನಮ್ಮ ಮನೆಯ ಮುಂದೆಯೇ ಬಂದು ನಿಂತಿತು. ನನ್ನ ತಂಗಿ ಬೆರಿಲ್‌ಗೆ ಐದು ವರ್ಷ. ಗಂಟಲಮಾರಿ. ಕಂಬಳಿಯಲ್ಲಿ ಸುತ್ತಿ ಅವಳನ್ನು ಎತ್ತಿಕೊಂಡು ಹೋದರು. ಅಮ್ಮ ಗಾಡಿಯಲ್ಲೇ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಚೀಟಿ ಹಿಡಿದುಕೊಂಡು ವಾಪಸು ಬಂದಳು. ನೂರ ಹದಿನಾಲ್ಕು. ಅಮ್ಮ ಆಗ ಏಳು ತಿಂಗಳ ಬಸುರಿ. ಆರೋಗ್ಯ ಇಲಾಖೆಯವರು ಬಂದು ಮನೆಯ ಬಿರುಕುಗಳಿಗೆಲ್ಲ ಕಾಗದ ಅಂಟಿಸಿ ಗಂಧಕದ ಹೊಗೆ ಹಾಕಿದರು. ಬೆರಿಲ್‌ಳ ಬಟ್ಟೆಯ ಗೊಂಬೆಯನ್ನು ಸುಟ್ಟರು. ನನ್ನ ಗಂಟಲಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿ, ಏನೂ ಇಲ್ಲವೆಂದರೂ, ಒಂದು ತಿಂಗಳು ಶಾಲೆಗೆ ಬರಕೂಡದೆಂದರು. ಅಕ್ಕಪಕ್ಕದವರು ತಮ್ಮ ಮಕ್ಕಳನ್ನು ನಮ್ಮ ಬಾಗಿಲ ಹತ್ತಿರ ಸುಳಿಯಗೊಡಲಿಲ್ಲ. ಗರ್ಟಿ ಆಂಟಿ ಮಾತ್ರ, "ನಂಗೆ ಬರೋ ಕಾಯಿಲೆ ಎಲ್ಲಾ ಬಂದು ಹೋಗಿದೆ, ಬಾರೇ ಒಳಗೆ" ಎಂದಳು.

ಯಾರಿಗೂ ಹೇಳದ ಮಾತೊಂದು ನನ್ನ ಹೊಟ್ಟೆಯಲ್ಲಿತ್ತು. ಆ ಶನಿವಾರ ಬೆಳಿಗ್ಗೆ ಬೆರಿಲ್ "ಗಂಟಲು ನೋಯ್ತಿದೆ ಅಕ್ಕ" ಎಂದಿದ್ದಳು. ಮಧ್ಯಾಹ್ನ ಮಕ್ಕಳ ಸಿನಿಮಾ ಇತ್ತು. "ಅಮ್ಮಂಗೆ ಹೇಳ್ಬೇಡ, ಹೇಳಿದ್ರೆ ಇಬ್ರನ್ನೂ ಕಳಿಸಲ್ಲ" ಎಂದು ನಾನೇ ಅವಳ ಬಾಯಿ ಮುಚ್ಚಿಸಿದ್ದೆ. ಅವಳು ಎರಡು ಗಂಟೆ ಕಾಲ ನನ್ನ ತೋಳಿಗೆ ಒರಗಿಕೊಂಡು, ಎಂಜಲು ನುಂಗಲಾರದೆ, ಸಿನಿಮಾ ನೋಡಿದ್ದಳು. ಭಾನುವಾರ ಅವಳಿಗೆ ಮೈ ಸುಡುತ್ತಿತ್ತು, ಸೋಮವಾರ ಗಾಡಿ ಬಂತು.

ಹತ್ತು ದಿನ ನೂರ ಹದಿನಾಲ್ಕು ನಡುವಿನ ಸಾಲಿನಲ್ಲೇ ಇತ್ತು. ಪ್ರತಿ ಸಂಜೆ ನಾಲ್ಕೂವರೆಗೆ ಅಮ್ಮ ಏಪ್ರನ್ನಿನ ತುದಿಯನ್ನು ಸುತ್ತಲು, ಬಿಚ್ಚಲು ತೊಡಗುತ್ತಿದ್ದಳು. ಗರ್ಟಿ "ಹಾಗೇ ಇದೆ ಎಥೆಲ್, ಹಾಗೇ ಇದೆ" ಎಂದರೆ ಒಳಗೆ ಹೋಗಿ ಆಲೂಗಡ್ಡೆ ಹೆರೆಯುತ್ತಿದ್ದಳು.

ಹನ್ನೊಂದನೆಯ ದಿನ ಗುರುವಾರ. ಬೆಳಗಿನಿಂದಲೂ ಹೊಗೆ ಬೆರೆತ ಮಂಜು ಕವಿದು ಮಧ್ಯಾಹ್ನಕ್ಕೇ ದೀಪ ಹಚ್ಚಿದ್ದರು. ಬಸ್ಸುಗಳು ನಿಂತುಹೋಗಿದ್ದವು. ಗರ್ಟಿ ಗೋಡೆ ಹಿಡಿದುಕೊಂಡೇ ಅಂಗಡಿಗೆ ಹೋಗಿ ಬಂದಳು. ನಲ್ಲಿಯ ಹತ್ತಿರ ಅಮ್ಮ, ಪಕ್ಕದ ಮನೆಯ ಫೀಬಿ ಚಾಲೆಂಡ್, ನಾನು ನಿಂತಿದ್ದೆವು. ಗರ್ಟಿ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳು ಮೇಲಿಂದ ಇಳಿಯಿತು, ನಿಂತಿತು.

"ಕೆಳಗಿದೆ ಕಣೇ ಎಥೆಲ್! ನೂರ ಹದಿನಾಲ್ಕು ಕೆಳಗಿದೆ! ಚೇತರಿಸ್ಕೊಳ್ತಿದೆ ನಿನ್ನ ಮಗು!"

ಅಮ್ಮ ನಕ್ಕಳು. ನಕ್ಕು ಅತ್ತಳು. ಫೀಬಿ ಅವಳನ್ನು ತಬ್ಬಿಕೊಂಡು, "ನಾನ್ ಹೇಳ್ಲಿಲ್ವಾ? ಗಟ್ಟಿ ಪಿಂಡ ಅದು" ಎಂದಳು. ಅಮ್ಮ ಒಳಗೆ ಹೋಗಿ ಕೆಟಲ್ ಇಟ್ಟು, ಕ್ರಿಸ್‌ಮಸ್ಸಿಗೆಂದು ಇಟ್ಟಿದ್ದ ಟೀ ಪೊಟ್ಟಣ ಒಡೆದಳು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಅಂಕಿಯನ್ನು ಕಣ್ಣಾರೆ ನೋಡಬೇಕು, ಬೆರಳಿಟ್ಟು ಮುಟ್ಟಬೇಕು, ಆಗಲೇ ನನ್ನ ತಪ್ಪು ಕರಗುತ್ತದೆ ಅನ್ನಿಸಿತು. ದಾರ ಎಳೆಯುವ ನೆಪದಲ್ಲಿ ಗರ್ಟಿಯ ಮನೆಗೆ ಹೋದೆ. ಪತ್ರಿಕೆ ಮೇಜಿನ ಮೇಲಿತ್ತು. ಅವಳು ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದಳು.

ನೂರ ಹದಿನಾಲ್ಕು ಕೆಳಗಿನ ಸಾಲಿನಲ್ಲೇ ಇತ್ತು. ಆದರೆ ಆ ಸಾಲಿನ ತಲೆಯ ಮೇಲೆ 'ಅಪಾಯದ ಸ್ಥಿತಿ' ಎಂದಿತ್ತು. ಮೇಲಿನ ಸಾಲು ನೋಡಿದೆ: 'ಚೇತರಿಕೆ'. ಮತ್ತೆ ಕೆಳಗೆ ನೋಡಿದೆ. ಅಕ್ಷರಗಳು ಬದಲಾಗಲಿಲ್ಲ.

"ಆಂಟೀ, ಇಲ್ಲಿ ಬೇರೆ ಥರ ಬರ್ದಿದೆ."

"ಏನ್ ಬೇರೆ ಥರ?"

"ಅಪಾಯ ಅಂತ ಬರ್ದಿದೆ. ಬೆರಿಲ್ ನಂಬರಿನ ಮೇಲೆ."

ಗರ್ಟಿ ಇದ್ದಲಿನ ಕೈಯಲ್ಲೇ ಬಂದು ಬಗ್ಗಿ ನೋಡಿದಳು. ಅವಳ ಬೆರಳು ನಾನು ತೋರಿಸಿದ ಕಡೆ ಬರದೆ ಅಂಕಿಗಳ ಮೇಲೆಯೇ ಓಡಾಡಿತು. "ಇಲ್ವಲ್ಲೇ, ಕೆಳಗಿದೆಯಲ್ಲ. ಕೆಳಗಿದ್ರೆ ಒಳ್ಳೇದು."

"ಇವತ್ತು ಮೇಲೆ ಕೆಳಗೆ ಮಾಡಿದಾರೆ ಆಂಟಿ. ಓದಿ ಬೇಕಾದ್ರೆ."

ಅವಳು ಓದಲಿಲ್ಲ. ಆ ಅಕ್ಷರಗಳನ್ನು ನೋಡುತ್ತ ನಿಂತಳು. ಗೋಡೆಯ ಮೇಲಿನ ಬಿರುಕನ್ನು ನೋಡುವ ಹಾಗೆ ನೋಡುತ್ತಿದ್ದಳು. ಹತ್ತು ವರ್ಷದ ನನಗೂ ಅದು ತಿಳಿದುಬಿಟ್ಟಿತು. ತಂಗಿಯ ಪತ್ರಗಳು, ಯಾವಾಗಲೂ ಎಲ್ಲೋ ಮರೆತುಬಿಟ್ಟಿರುತ್ತಿದ್ದ ಕನ್ನಡಕ, ಚರ್ಚಿನಲ್ಲಿ ಪಕ್ಕದವರ ಕೈ ನೋಡಿ ಅವಳು ತಿರುವುತ್ತಿದ್ದ ಹಾಡಿನ ಪುಸ್ತಕದ ಹಾಳೆಗಳು, ಎಲ್ಲ ಒಟ್ಟಿಗೆ ತಿಳಿಯಿತು.

"ಸರಿಯಾಗಿ ನೋಡು. ನನ್ನ ಕಣ್ಣಾಣೆ, ಸರಿಯಾಗಿ ನೋಡು" ಎಂದಳು.

ನಾನು ಮೂರೂ ಸಾಲಿನ ತಲೆಬರಹಗಳನ್ನು ಜೋರಾಗಿ ಓದಿದೆ.

ಅವಳು ಕುರ್ಚಿಯ ಮೇಲೆ ಕೂತಳು. "ಒಂದ್ ನಿಮಿಷ ಸುಮ್ನಿರು. ಒಂದೇ ಒಂದ್ ನಿಮಿಷ." ಪಕ್ಕದಲ್ಲಿದ್ದ ಲೇಸಿನ ತುದಿಗೆ ಅವಳ ಕೈಯ ಮಸಿ ಹತ್ತಿತು. ನಮ್ಮ ಮನೆಯಿಂದ ಅಮ್ಮ ಹಾಡಿಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು. ಆ ಒಂದು ನಿಮಿಷದಲ್ಲಿ ಅವಳು ಏನು ಯೋಚಿಸಿದಳೋ. ಕನ್ನಡಕದ ಮೇಲೆ ತಪ್ಪು ಹೊರಿಸಬಹುದಿತ್ತು. ಮಂಜಿನ ಮೇಲೆ ಹೊರಿಸಬಹುದಿತ್ತು. ಎಲ್ಲರೂ ನಂಬುತ್ತಿದ್ದರು, ನಾನೂ ಬಾಯಿ ಬಿಡುತ್ತಿರಲಿಲ್ಲ.

ಎದ್ದು ಕೋಟು ಹಾಕಿಕೊಂಡು, ಶಾಲು ಹೊದ್ದು, ನನ್ನ ಕೈ ಹಿಡಿದು ನಮ್ಮ ಮನೆಗೆ ಬಂದಳು. ಅಮ್ಮ, ಫೀಬಿ ಟೀ ಕುಡಿಯುತ್ತಿದ್ದರು.

"ಎಥೆಲ್, ಕೋಟು ಹಾಕ್ಕೊ. ಬೆರಿಲ್ ಅಪಾಯದ ಸಾಲಲ್ಲಿದಾಳೆ. ಅವರು ಸಾಲು ಬದಲಾಯ್ಸಿದಾರೆ, ನಂಗೆ ಗೊತ್ತಾಗ್ಲಿಲ್ಲ. ನಂಗೆ ಓದಕ್ಕೆ ಬರಲ್ಲ ಎಥೆಲ್. ಯಾವತ್ತೂ ಬರ್ತಿರ್ಲಿಲ್ಲ."

ಅಮ್ಮ ಕಪ್ಪನ್ನು ತಟ್ಟೆಯ ಮೇಲಿಟ್ಟಳು. ತುಂಬ ಮೆಲ್ಲಗೆ ಇಟ್ಟಳು. ಮಾತಾಡಿದವಳು ಫೀಬಿ. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. "ಓದಕ್ಕೆ ಬರಲ್ಲ ಅಂದ್ರೆ?" ಎಂದಳು. ಆಮೇಲೆ ಕುರ್ಚಿಯಿಂದ ಎದ್ದಳು. "ಹಾಗಾದ್ರೆ ನಮ್ ಲೆನ್ನಿ? ನಮ್ ಲೆನ್ನೀದು ಅವತ್ತು ಏನ್ ಓದ್ದೆ ನೀನು?"

ಆರು ವರ್ಷದ ಹಿಂದೆ ಫೀಬಿಯ ಮಗ ಲೆನ್ನಿ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಹಿಂದಿನ ಸಂಜೆ ಗರ್ಟಿ 'ಹಾಗೇ ಇದೆ' ಎಂದಿದ್ದಳು. ಮರುದಿನ ಸಂಜೆ 'ಅಪಾಯ' ಎಂದಳು. ಫೀಬಿ ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅದು ನಡುವಿನ ಸಾಲಲ್ಲೇ ಇತ್ತು ಫೀಬಿ."

"ಹೇಗೆ ಗೊತ್ತು? ನಿಂಗೆ ಹೇಗೆ ಗೊತ್ತು? ಹತ್ತೊಂಬತ್ತು ವರ್ಷ ನಮ್ ಮಕ್ಕಳ ಜೀವದ ಜೊತೆ ಆಟ ಆಡ್ದೆಯಲ್ಲೇ, ಪಾಪಿ!"

ಅಮ್ಮ ಆಗಲೇ ಬಾಗಿಲಲ್ಲಿದ್ದಳು. ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕೂರುತ್ತಿರಲಿಲ್ಲ. ಗರ್ಟಿ ತನ್ನ ಶಾಲನ್ನು ತೆಗೆದು ಅವಳಿಗೆ ಹೊದಿಸಿ, ತೋಳು ಹಿಡಿದಳು. ನನ್ನ ಕಡೆ ತಿರುಗಿ, "ನಿಮ್ಮಪ್ಪನ್ನ ಆಸ್ಪತ್ರೆಗೆ ಕರ್ಕೊಂಡ್ ಬಾ. ಗೋಡೆ ಬಿಟ್ಟು ಹೋಗ್ಬೇಡ. ರಸ್ತೆ ದಾಟೋವಾಗ ಕಿವಿ ಕೊಡು" ಎಂದಳು. ಇಬ್ಬರೂ ಮಂಜಿನಲ್ಲಿ ಹತ್ತು ಹೆಜ್ಜೆಗೇ ಮರೆಯಾದರು.

ಅಪ್ಪ ಕೆಲಸ ಮಾಡುತ್ತಿದ್ದ ಸೈಕಲ್ ಕಾರ್ಖಾನೆಗೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅವತ್ತು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿಕೊಂಡೂ ಹೋಗಬಲ್ಲ ಬೀದಿಗಳವು. ಆ ಸಂಜೆ ಒಂದು ಬೀದಿಯೂ ತನ್ನ ಜಾಗದಲ್ಲಿರಲಿಲ್ಲ. ಇಟ್ಟಿಗೆ ಸವರುತ್ತ ಹೋದೆ. ಗೋಡೆ ಮುಗಿದ ಕಡೆ ನಿಂತುಬಿಡುತ್ತಿದ್ದೆ. ಯಾರೋ ಕೆಮ್ಮಿದರೆ ಆ ಕಡೆ ಹೋಗುತ್ತಿದ್ದೆ. ಒಂದು ಕಡೆ ಕುದುರೆಯ ಬಿಸಿಯುಸಿರು ಮುಖಕ್ಕೇ ತಾಗಿ ಚೀರಿಕೊಂಡೆ. ಗಾಡಿಯವನು "ಯಾರದು? ಯಾರ್ ಮಗು ಅದು?" ಎಂದು ಕೂಗಿದ. ನಾನು ನಿಲ್ಲಲಿಲ್ಲ. ಬೆರಿಲ್ ಈಗ ಸತ್ತಿರಬಹುದು, ಈಗ, ಈಗ, ಎಂದು ಪ್ರತಿ ಹೆಜ್ಜೆಗೂ ಅನ್ನಿಸುತ್ತಿತ್ತು. ನಾನು ಬೇಗ ನಡೆದರೆ ಬದುಕುತ್ತಾಳೆ, ಎಡವಿದರೆ ಸಾಯುತ್ತಾಳೆ ಎಂದು ನನಗೆ ನಾನೇ ಲೆಕ್ಕ ಹಾಕಿಕೊಂಡಿದ್ದೆ. ಎರಡು ಸಲ ಎಡವಿದೆ.

ಕಾರ್ಖಾನೆಯ ಗೇಟಿನ ಮುದುಕ ಕಾವಲುಗಾರ ತಡೆದ. "ಏಳು ಗಂಟೆಗೆ ಬಿಡ್ತಾರೆ. ಅಲ್ಲಿವರೆಗೂ ಯಾರನ್ನೂ ಕರೆಯೋ ಹಾಗಿಲ್ಲ."

ಅಪ್ಪನ ಹೆಸರು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ನೂರ ಹದಿನಾಲ್ಕು. ಅಪಾಯದ ಸಾಲು."

ಅವನು ನನ್ನ ಮುಖ ನೋಡಿದ. ಈ ಊರಿನಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. "ಯಾರ ಮಗಳು ನೀನು? ಬೇಗ ಹೇಳು" ಎಂದ. "ವಾಲ್ಟರ್ ಹಾಲಮ್" ಎಂದೆ. ಮುದುಕ ಗೇಟನ್ನು ತೆರೆದಿಟ್ಟೇ ಒಳಗೆ ಓಡಿದ.

ಅಪ್ಪ ಎಣ್ಣೆಗೈಯಲ್ಲೇ ಬಂದ. ಆಸ್ಪತ್ರೆಗೆ ಹೋಗುವ ಗುಡ್ಡದ ದಾರಿಯಲ್ಲಿ ಅವನು ದಾಪುಗಾಲು ಹಾಕಿದರೆ ನಾನು ಓಡಬೇಕಾಗುತ್ತಿತ್ತು. ಅರ್ಧ ದಾರಿಯಲ್ಲಿ ನನ್ನನ್ನು ಬೆನ್ನ ಮೇಲೆ ಹಾಕಿಕೊಂಡ. ನನ್ನ ಎದೆಗೆ ಅವನ ಉಸಿರಾಟ ತಾಗುತ್ತಿತ್ತು. ಆ ಶನಿವಾರದ ಮಾತನ್ನು ಅವನ ಕಿವಿಯಲ್ಲಿ ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಿದರೆ ಅಲ್ಲೇ ಇಳಿಸಿ ಹೋಗಿಬಿಟ್ಟರೆ ಎಂದು ಭಯವಾಯಿತು.

ಆಸ್ಪತ್ರೆಯ ಗೇಟಿನ ಪಕ್ಕದ ಕೋಣೆಯಲ್ಲಿ ಸಣ್ಣ ಬೆಂಕಿ ಉರಿಯುತ್ತಿತ್ತು. ಗರ್ಟಿ ಬೆಂಚಿನ ಮೇಲೆ ಶಾಲಿಲ್ಲದೆ ಕೂತಿದ್ದಳು. ಅಮ್ಮ ಒಳಗೆ ಹೋಗಿಯಾಗಿತ್ತು. ಅಪ್ಪನನ್ನೂ ಬಿಟ್ಟರು. ಮಕ್ಕಳಿಗೆ, ನೆಂಟರಲ್ಲದವರಿಗೆ ಪ್ರವೇಶವಿಲ್ಲ. ಹೀಗೆ ನಾವಿಬ್ಬರೇ ಉಳಿದೆವು.

"ಬದುಕಿದಾಳಾ?" ಎಂದು ಕೇಳಿದೆ.

"ನಿಮ್ಮಮ್ಮ ಒಳಗೆ ಹೋಗೋವಾಗ ಇದ್ಲು. ಅಷ್ಟೇ ಗೊತ್ತು ನಂಗೆ."

ಗಡಿಯಾರದ ಮುಳ್ಳು ಹೋಗುತ್ತಿರಲಿಲ್ಲ. ಹೊರಗೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಇಬ್ಬರೂ ಬಾಗಿಲ ಕಡೆ ತಿರುಗುತ್ತಿದ್ದೆವು. ಆಮೇಲೆ ಗರ್ಟಿ, ಬೆಂಕಿಯನ್ನೇ ನೋಡುತ್ತ, ನಾನು ಕೇಳದೆಯೇ ಹೇಳತೊಡಗಿದಳು.

ಅವಳು ಏಳು ವರ್ಷಕ್ಕೇ ಲೇಸಿನ ಕೆಲಸಕ್ಕೆ ಕೂತವಳು. ಶಾಲೆಗೆ ಹಾಜರಿ ಹಾಕುವಷ್ಟು ದಿನ ಮಾತ್ರ ಹೋಗಿದ್ದಳು. ಲೇಸಿನ ಕಟ್ಟುಗಳ ಮೇಲಿನ ನಂಬರುಗಳಿಂದ ಅಂಕಿ ಕಲಿತಳು, ಅಕ್ಷರ ಕಲಿಯಲಿಲ್ಲ. ಗಂಡ ಆರ್ಥರ್ ಪತ್ರಿಕೆ ಓದುತ್ತಿದ್ದ. ೧೯೧೮ರ ಜ್ವರದ ವರ್ಷದಲ್ಲಿ ಅವನು ಆ ಸಾಲುಗಳನ್ನು ತೋರಿಸಿ, "ಮೇಲಿದ್ರೆ ಅಳು, ನಡುವೆ ಇದ್ರೆ ಕಾಯಿ, ಕೆಳಗಿದ್ರೆ ನಗು" ಎಂದು ಹೇಳಿಕೊಟ್ಟಿದ್ದ. ಒಂದು ಸಂಜೆ ಅವಳು ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ನೆರೆಯವಳೊಬ್ಬಳು, "ನಂಗೆ ನೋಡಕ್ಕಾಗಲ್ಲ, ನಮ್ದು ಎಲ್ಲಿದೆ ನೋಡೇ" ಎಂದಳು. ಅವಳು ನೋಡಿ ಹೇಳಿದಳು. ಮರುದಿನ ಇಬ್ಬರು ಬಂದರು. ಮರುವರ್ಷ ಆರ್ಥರ್ ತೀರಿಕೊಂಡ.

"ಆಮೇಲೆ ಹೇಗೆ ಹೇಳೋದು? ಅಷ್ಟೊತ್ತಿಗೆ ಎಲ್ರೂ ನನ್ನನ್ನ ಓದೋಳು ಅಂತ ಮಾಡ್ಬಿಟ್ಟಿದ್ರು. ನಂಗೂ ಅದು ಹಿತವಾಗಿತ್ತು, ಸುಳ್ಯಾಕೆ ಹೇಳ್ಲಿ. ಲೇಸು ಎಳೆಯೋ ವಿಧವೆ ಅಂದ್ರೆ ಯಾರ್ ಕೇಳ್ತಾರೆ? ಐದು ಗಂಟೆಗೆ ಮಾತ್ರ ಎಲ್ರೂ ನನ್ನ ಬಾಯಿ ನೋಡ್ತಿದ್ರು. ಆದ್ರೆ ಒಂದ್ ದಿನಾನೂ ನೆಮ್ಮದಿ ಇರ್ಲಿಲ್ಲ ಕಣೇ. ಯಾರಾದ್ರೂ ಬಂದು 'ಗರ್ಟಿ, ಈ ಸುದ್ದಿ ಒಂಚೂರು ಓದೇ' ಅಂದ್ರೆ ಏನ್ ಮಾಡ್ಲಿ ಅಂತ ಎದೆ ಹೊಡ್ಕೊಳ್ತಿತ್ತು. ನಾಲ್ಕು ಗಂಟೆಯಿಂದ್ಲೇ ಶುರು. ಸಾಲು ಬದ್ಲಾಗ್ಬಹುದು ಅಂತ ಮಾತ್ರ ಒಂದ್ ದಿನಾನೂ ಯೋಚ್ನೆ ಬರ್ಲಿಲ್ಲ ನೋಡು."

"ದಾರೀಲಿ ಅಮ್ಮ ಏನಂದ್ಲು?"

"ಒಂದ್ ಮಾತೂ ಆಡ್ಲಿಲ್ಲ. ನನ್ನ ತೋಳನ್ನೂ ಬಿಡ್ಲಿಲ್ಲ."

ಆಗ ನಾನು ಶನಿವಾರದ ವಿಷಯ ಹೇಳಿದೆ. ಸಿನಿಮಾ, ಗಂಟಲು, ನಾನು ಅವಳ ಬಾಯಿ ಮುಚ್ಚಿಸಿದ್ದು, ಎಲ್ಲ. ಬಿಕ್ಕಿ ಬಿಕ್ಕಿ ಹೇಳಿದೆ. ಗರ್ಟಿ ತಲೆ ಸವರಲಿಲ್ಲ, ನಿನ್ನ ತಪ್ಪಲ್ಲ ಎನ್ನಲೂ ಇಲ್ಲ. ಮೂಗು ಒರೆಸಿಕೊಳ್ಳಲು ಏಪ್ರನ್ನಿನ ತುದಿ ಕೊಟ್ಟಳು.

"ಇವತ್ತು ಅದನ್ನ ನಿಮ್ಮಮ್ಮಂಗೆ ಹೇಳ್ಬೇಡ" ಎಂದಳು. "ಇವತ್ತಿಗೆ ನಂದು ಒಂದೇ ಸಾಕು ಅವಳಿಗೆ."

ಎಂಟು ಗಂಟೆಯ ಸುಮಾರಿಗೆ ಅಪ್ಪ ಬಂದ. ಬಾಗಿಲಲ್ಲಿ ನಿಂತು ಟೋಪಿ ತೆಗೆದ. ಸಾವಿನ ಸುದ್ದಿಗೆ ತೆಗೆಯುವ ಹಾಗೆ ತೆಗೆದದ್ದು ನೋಡಿ ನಾನು ಗರ್ಟಿಯ ತೋಳು ಹಿಡಿದುಕೊಂಡೆ. ಅವನು ಬೆವರು ಒರೆಸಿಕೊಂಡ, ಅಷ್ಟೇ.

"ಗಂಟಲಲ್ಲಿ ತೂತು ಮಾಡಿ ನಳಿಗೆ ಹಾಕಿದಾರೆ. ಉಸಿರಾಡ್ತಿದಾಳೆ. ಆದ್ರೆ ನಳಿಗೇನ ಕೀಳಕ್ಕೆ ಹೋಗ್ತಾಳಂತೆ. ನರ್ಸುಗಳು ಕೈ ಕಟ್ಟಿದ್ರೆ ಇನ್ನೂ ಹೆದರಿ ಒದ್ದಾಡ್ತಾಳಂತೆ. ಈಗ ಎಥೆಲ್ ಎರಡೂ ಕೈ ಹಿಡ್ಕೊಂಡ್ ಕೂತಿದಾಳೆ. ಸುಮ್ನಾಗಿದಾಳೆ." ಆಮೇಲೆ ಗರ್ಟಿಯ ಕಡೆ ನೋಡಿ, "ನಾಳೆ ಬಂದಿದ್ರೆ ಆಗ್ತಿರ್ಲಿಲ್ಲ ಅಂದ್ರು ಡಾಕ್ಟ್ರು" ಎಂದ. ಅದು ಬೈಗುಳವೋ ಕೃತಜ್ಞತೆಯೋ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಅಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲೇ ಇದ್ದಳು. ಬೆರಿಲ್ ಕ್ರಿಸ್‌ಮಸ್ ಮುಗಿದ ಮೇಲೆ ಮನೆಗೆ ಬಂದಳು. ಕತ್ತಿನಲ್ಲಿ ನಾಣ್ಯದಷ್ಟು ಗಾಯದ ಗುರುತು, ದನಿ ಒರಟು. ಜನವರಿಯಲ್ಲಿ ನನ್ನ ಪುಟ್ಟ ತಮ್ಮ ಹುಟ್ಟಿದ.

ಆದರೆ ವಠಾರದಲ್ಲಿ ಗರ್ಟಿಯ ಬಾಳು ಕೆಟ್ಟಿತ್ತು. ನಲ್ಲಿಗೆ ಅವಳು ಬಂದರೆ ಹೆಂಗಸರು ಬಕೆಟ್ಟು ತುಂಬುವ ಮೊದಲೇ ಎತ್ತಿಕೊಂಡು ಹೋಗುತ್ತಿದ್ದರು. ಹಳೆಯ ಜ್ವರಗಳನ್ನೆಲ್ಲ ಎಲ್ಲರೂ ಮತ್ತೆ ಕೆದಕತೊಡಗಿದರು. ಆಗ ನಮ್ಮದು ಏನಂದಳು, ನಿಮ್ಮದು ಏನಂದಳು. ಬದುಕಿ ದೊಡ್ಡವರಾಗಿದ್ದ ಮಕ್ಕಳ ತಾಯಂದಿರಿಗೂ ಅನುಮಾನ. ಪತ್ರಿಕೆಯನ್ನು ಈಗ ಫೀಬಿ ತರುತ್ತಿದ್ದಳು. ಸಂಖ್ಯೆ ಓದುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಂಜೆ ಮೂಲೆಮನೆಯ ಹುಡುಗಿಯ ಸಂಖ್ಯೆ ಓದಲು ನಿಂತಾಗ, ಅವಳ ತಾಯಿಯ ಕಣ್ಣುಗಳು ನನ್ನ ಬಾಯಿಗೇ ಅಂಟಿಕೊಂಡಿದ್ದವು. ನನ್ನ ನಾಲಿಗೆ ಒಣಗಿಹೋಯಿತು. ಅಕ್ಷರ ಬಲ್ಲ ನನಗೇ ಹೀಗಾದರೆ, ಎಂದುಕೊಂಡೆ.

ಫೆಬ್ರುವರಿಯ ಒಂದು ಶನಿವಾರ ಫೀಬಿ ನನ್ನನ್ನು ಕರೆದು, "ಕೈ ತೊಳ್ಕೊಂಡು ಬಾ, ಪೇಟೆಗೆ ಹೋಗೋಣ" ಎಂದಳು. ಹೋದದ್ದು ಗ್ರಂಥಾಲಯಕ್ಕೆ. ಅಲ್ಲಿ ಹಳೆಯ ಪತ್ರಿಕೆಗಳನ್ನು ರಟ್ಟು ಹಾಕಿ ಇಟ್ಟಿದ್ದರು. ೧೯೩೧ರ ಮಾರ್ಚ್ ತಿಂಗಳ ಸಂಪುಟ ಕೇಳಿದಳು. ಮೇಜಿನ ಮೇಲೆ ಅದು ಬಂದಾಗ ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು.

"ಹತ್ತೊಂಬತ್ತನೇ ತಾರೀಖು, ಅವನು ಹೋಗೋಕ್ಕೆ ಹಿಂದಿನ ದಿನ. ನಮ್ ಲೆನ್ನೀದು ಎಂಬತ್ತೊಂದು. ನೀನ್ ನೋಡು, ನಾನ್ ಗೋಡೆ ನೋಡ್ತೀನಿ."

ನಾನು ಹಾಳೆ ತಿರುವಿದೆ. ಸಾಲು ಸಿಕ್ಕಿತು. ಅಂಕಿ ಸಿಕ್ಕಿತು. ಮೂರು ಸಲ ಓದಿಕೊಂಡೆ.

"ನಡುವಿನ ಸಾಲು ಆಂಟಿ. 'ಬದಲಾವಣೆ ಇಲ್ಲ' ಅಂತ ಇದೆ."

"ಮತ್ತೆ ಓದು."

ಮತ್ತೆ ಓದಿದೆ. ಫೀಬಿ ಎದ್ದು ಬಂದು, ಆ ಅಂಕಿಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಗ್ರಂಥಾಲಯದವರು ಬಂದು ನೋಡಿ ಸುಮ್ಮನೆ ಹೋದರು. ನಾವು ಹೊರಗೆ ಬಂದಾಗ ಅವಳು ಒಂದೇ ಮಾತು ಹೇಳಿದಳು: "ಹಾಗಾದ್ರೆ ಅವತ್ತು ಯಾರೂ ನಂಗೆ ಸುಳ್ಳು ಹೇಳ್ಲಿಲ್ಲ."

ಮನೆಗೆ ಬಂದವಳು ಟೋಪಿಯನ್ನೂ ತೆಗೆಯದೆ ಗರ್ಟಿಯ ಬಾಗಿಲು ತಟ್ಟಿದಳು. ಗರ್ಟಿ ಹೊರಬಂದು, ಇನ್ನೊಂದು ಬೈಗುಳಕ್ಕೆ ತಯಾರಾಗಿ ನಿಂತಳು.

"ಸರಿಯಾಗೇ ಹೇಳಿದ್ದೆ ಕಣೇ ಅವತ್ತು" ಎಂದಳು ಫೀಬಿ. "ನಾನ್ ಹೋಗಿ ನೋಡ್ದೆ."

"ನಾನೂ ದಿನಾ ಅದನ್ನೇ ಕೇಳ್ಕೊಳ್ತಿದ್ದೆ, ಸರಿಯಾಗಿ ಹೇಳಿದ್ನಾ ಅಂತ" ಎಂದಳು ಗರ್ಟಿ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಅಮ್ಮ ಮಾತ್ರ ಇನ್ನೂ ಮಾತು ಬಿಟ್ಟೇ ಇದ್ದಳು. ಆ ವಸಂತದಲ್ಲಿ ತಮ್ಮನಿಗೆ ಕೆಮ್ಮು ಬಂದು ಮೂರು ದಿನ ಮನೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಮ್ಮ ಮಗುವನ್ನು ಎತ್ತಿಕೊಂಡು ನೇರ ಗರ್ಟಿಯ ಮನೆಗೆ ಹೋಗಿ, "ಹಿಡ್ಕೊ ಇವನ್ನ. ನಾನು ಒಂದ್ ಗಂಟೆ ಮಲಗ್ಬೇಕು" ಎಂದಳು. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ರಾಜಿ ಮಾತು ಆಗಲಿಲ್ಲ.

ಶನಿವಾರದ ಸಿನಿಮಾದ ವಿಷಯವನ್ನು ನಾನು ಅಮ್ಮನಿಗೆ ಹೇಳಿದ್ದು ನನಗೇ ಎರಡು ಮಕ್ಕಳಾದ ಮೇಲೆ. "ಬೆರಿಲ್ ಗಾಡೀಲೇ ಹೇಳಿದ್ಲು" ಎಂದಳು ಅಮ್ಮ, ಬಟಾಣಿ ಸುಲಿಯುತ್ತ. ಅಷ್ಟು ವರ್ಷ ಅವಳೂ ಬಾಯಿ ಬಿಟ್ಟಿರಲಿಲ್ಲ.

ಗರ್ಟಿಗೆ ಅಕ್ಷರ ಕಲಿಸಲು ನಾನು ಪ್ರಯತ್ನಪಟ್ಟೆ. ಮೂರು ವಾರ ಹಠ ಹಿಡಿದು ಕೂತಳು. ತನ್ನ ಹೆಸರು ಬರೆಯುವುದನ್ನು ಕಲಿತಳು, ಬೇಸರಪಟ್ಟು ಬಿಟ್ಟಳು. "ಇದಕ್ಕಿಂತ ಲೇಸು ವಾಸಿ. ಒಂದ್ ದಾರ ಎಳೆದ್ರೆ ಏನೋ ಒಂದು ಬಿಚ್ಚಿಕೊಳ್ಳುತ್ತೆ. ಇದು ಎಷ್ಟ್ ಎಳೆದ್ರೂ ಗಂಟೇ" ಎನ್ನುತ್ತಿದ್ದಳು. ಯುದ್ಧದ ಕಾಲದಲ್ಲಿ ಮಕ್ಕಳಿಗೆಲ್ಲ ಗಂಟಲಮಾರಿಯ ಚುಚ್ಚುಮದ್ದು ಬಂತು. ಪತ್ರಿಕೆಯ ಮೂಲೆಯ ಆ ಸಾಲುಗಳು ಚಿಕ್ಕದಾಗುತ್ತ ಬಂದು ಒಂದು ದಿನ ಇಲ್ಲವಾದವು. ಯಾವತ್ತು ಇಲ್ಲವಾದವೆಂದು ಯಾರೂ ಗಮನಿಸಲಿಲ್ಲ.

ವಠಾರವನ್ನು ಕೆಡವುವಾಗ ಗರ್ಟಿಗೆ ಊರಾಚೆ ಹೊಸ ಬಡಾವಣೆಯಲ್ಲಿ ಮನೆ ಕೊಟ್ಟರು. ಮನೆಯೊಳಗೇ ನಲ್ಲಿ, ಮನೆಯೊಳಗೇ ಕಕ್ಕಸು. "ಯಾರ ಮುಖಾನೂ ನೋಡೋದೇ ಬೇಡ ಇಲ್ಲಿ" ಎಂದು ದೂರುತ್ತಿದ್ದಳು. ತಿಂಗಳಿಗೊಮ್ಮೆ ನಾನು ಹೋಗುತ್ತಿದ್ದೆ. ಎಪ್ಪತ್ತರ ಮೇಲೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗಲೂ ಹೋಗಿದ್ದೆ. ಚಿಕ್ಕ ವಯಸ್ಸಿನ ನರ್ಸು ಬಂದು ಒಂದು ಒಪ್ಪಿಗೆಪತ್ರ ಕೊಟ್ಟು, ಓದಿ ಸಹಿ ಹಾಕಿ ಎಂದಳು. ಹಳೆಯ ಅಭ್ಯಾಸದಿಂದ ನಾನು ಕೈ ಚಾಚಿದೆ.

ಗರ್ಟಿ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. "ನಂಗೆ ಓದಕ್ಕೆ ಬರಲ್ಲ ಮಗಳೇ" ಎಂದಳು, ಆ ವಾರ್ಡಿನ ಎಲ್ಲ ಹಾಸಿಗೆಗಳಿಗೂ ಕೇಳುವಂತೆ. "ನೀನೇ ಓದು. ನಿಧಾನಕ್ಕೆ ಓದು, ಒಂದಕ್ಷರಾನೂ ಬಿಡ್ಬೇಡ."

ನರ್ಸು ಹಾಸಿಗೆಯ ಅಂಚಿನಲ್ಲಿ ಕೂತು ಓದಿದಳು. ಗರ್ಟಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಎರಡು ಕಡೆ ತಡೆದು, ಅದೇನು ಅರ್ಥ ಎಂದು ಕೇಳಿದಳು. ಆಮೇಲೆ ಪೆನ್ನು ಹಿಡಿದು, ತುಟಿ ಕಚ್ಚಿಕೊಂಡು, ತನ್ನ ಹೆಸರನ್ನು ಪೂರ್ತಿ ಬರೆದಳು. ಬರೆದು ಮುಗಿಯುವವರೆಗೂ ಆ ಹುಡುಗಿ ಅವಸರ ಮಾಡದೆ ಕಾದಳು.